ಓಎಫ್‌ಟಿಸಿಗೆ ಹೋದ ಮಳೆಗಾಲ

2006ರ ಜೂನ್ 4ರಂದು ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯನ್ನು ಕಟ್ಟುವ ಯೋಜನೆಯವರು ತಮ್ಮ ಮಾತುಕತೆಯ ವಿಳಾಸವನ್ನು ಫ್ರೀನೋಡ್ ಎಂಬ ದೊಡ್ಡ ಜಾಲದಿಂದ ಬಿಡಿಸಿ, ಓಎಫ್‌ಟಿಸಿ ಎಂಬ ಚಿಕ್ಕ ಜಾಲದ ಕಡೆ ತಿರುಗಿಸಿದರು. ಪತ್ರಿಕೆಯಲ್ಲಿ ಬರುವಂಥ ಸುದ್ದಿ ಅದಲ್ಲ. ಬೆಂಗಳೂರಿನ ಕಂಪ್ಯೂಟರ್ ಜನರಲ್ಲೂ ಬಹಳಷ್ಟು ಮಂದಿಗೆ ಗೊತ್ತಾಗಿರಲಿಕ್ಕಿಲ್ಲ. ಶಿರಸಿಯ ನಮ್ಮ ಮನೆಯಲ್ಲಿ, ಜಗಲಿಯ ಪಕ್ಕದ ಕೋಣೆಯಲ್ಲಿ, ಯಾರೋ ಬಳಸಿ ಬಿಟ್ಟ ಕಂಪ್ಯೂಟರಿಗೆ ಡೆಬಿಯನ್ ಹಾಕಿಕೊಂಡು ಕೂತಿದ್ದ ನನ್ನ ಪಾಲಿಗೆ ಮಾತ್ರ ಅದು ದೊಡ್ಡ ಸಂಗತಿ. ಇವತ್ತಿಗೂ ದಿನಕ್ಕೊಮ್ಮೆ ಹೋಗಿ ಬರುವ ಜಾಗವೊಂದು ನನಗೆ ಸಿಕ್ಕಿದ್ದು ಆ ಬದಲಾವಣೆಯಿಂದಲೇ.

ಆ ಕಾಲದಲ್ಲಿ ಚಾಟ್ ಅಂದರೆ ಯಾಹೂ. ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಗೆ ಹೋದ ಹುಡುಗರು ಮೊದಲು ತೆರೆಯುತ್ತಿದ್ದದ್ದು ಯಾಹೂ ಮೆಸೆಂಜರ್, ಆಮೇಲೆ ಆರ್ಕುಟ್. ಐಆರ್‌ಸಿ ಎಂದರೆ ಯಾರಿಗೂ ಗೊತ್ತಿರಲಿಲ್ಲ. ಇಂಟರ್ನೆಟ್ ರಿಲೇ ಚಾಟ್ ಎಂಬುದು ಅದರ ಪೂರ್ತಿ ಹೆಸರು. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿದ್ದ ಯಾರ್ಕೊ ಓಯ್ಕರಿನೆನ್ 1988ರ ಆಗಸ್ಟ್‌ನಲ್ಲಿ ಬರೆದದ್ದು. ಚಿತ್ರವಿಲ್ಲ, ಬಣ್ಣವಿಲ್ಲ, ಮುಖವಿಲ್ಲ, ಬರೀ ಅಕ್ಷರ. ಒಂದಕ್ಕೊಂದು ಜೋಡಿಸಿಕೊಂಡ ಸರ್ವರ್‌ಗಳು ಒಂದು ಕಡೆ ಬರೆದ ಸಾಲನ್ನು ಉಳಿದೆಡೆಗೆಲ್ಲ ದಾಟಿಸುತ್ತವೆ. ಹಾಗೆ ಜೋಡಿಸಿಕೊಂಡ ಸರ್ವರ್‌ಗಳ ಗುಂಪಿಗೆ ಜಾಲ ಎನ್ನುತ್ತಾರೆ. ಒಂದು ಜಾಲದಲ್ಲಿ ಆಡಿದ ಮಾತು ಇನ್ನೊಂದಕ್ಕೆ ಕೇಳುವುದಿಲ್ಲ. ಜಾಲದೊಳಗೆ ವಿಷಯಕ್ಕೊಂದರಂತೆ ಮಾತಿನ ಕೋಣೆಗಳಿರುತ್ತವೆ.

ಜಾಲಗಳು ಒಡೆದದ್ದೇ ಐಆರ್‌ಸಿಯ ಚರಿತ್ರೆ ಎಂದರೂ ತಪ್ಪಿಲ್ಲ. ಯಾರು ಬೇಕಾದರೂ ಸರ್ವರ್ ಜೋಡಿಸಬಹುದೇ ಎಂಬ ಜಗಳದಲ್ಲಿ 1990ರಲ್ಲಿ ಇಎಫ್‌ನೆಟ್ ಹುಟ್ಟಿತು. 1992ರಲ್ಲಿ ಅಂಡರ್‌ನೆಟ್ ಬಂತು. 1994ರಲ್ಲಿ ಸ್ಟಾರ್ ಟ್ರೆಕ್ ಅಭಿಮಾನಿಗಳ ಕೋಣೆಯಿಂದ ಎದ್ದು ಹೋದವರು ಡಾಲ್‌ನೆಟ್ ಕಟ್ಟಿದರು. 1996ರಲ್ಲಿ ಯುರೋಪಿನವರು ಬೇರೆಯಾಗಿ ಐಆರ್‌ಸಿನೆಟ್ ಮಾಡಿಕೊಂಡರು. ಪ್ರತಿ ಸಲವೂ ಜಗಳದ ಮೂಲ ಒಂದೇ: ಇಲ್ಲಿ ನಿಯಮ ಮಾಡುವವರು ಯಾರು? 2001ರ ಕೊನೆಯಲ್ಲಿ ಓಎಫ್‌ಟಿಸಿ ಹುಟ್ಟಿದ್ದೂ ಇದೇ ಪ್ರಶ್ನೆಯಿಂದ. ಮುಂದೆ ಫ್ರೀನೋಡ್ ಎಂದು ಹೆಸರು ಬದಲಿಸಿಕೊಂಡ ಜಾಲದಲ್ಲಿ ಕೆಲಸ ಮಾಡಿದ್ದ ಕೆಲವರು, ಒಬ್ಬರ ಕೈಯಲ್ಲಿ ಎಲ್ಲ ಇರಬಾರದೆಂದು ಲಿಖಿತ ನಿಯಮಾವಳಿ ಇಟ್ಟುಕೊಂಡು, ಮತ ಹಾಕಿ ಪದಾಧಿಕಾರಿಗಳನ್ನು ಆರಿಸಿಕೊಂಡು ಇದನ್ನು ಕಟ್ಟಿದರು. ಓಪನ್ ಅಂಡ್ ಫ್ರೀ ಟೆಕ್ನಾಲಜಿ ಕಮ್ಯುನಿಟಿ ಎಂದು ಇಟ್ಟುಕೊಂಡ ಹೆಸರು ನಾಲಗೆಗೆ ಸುಲಭವಲ್ಲ. ಆದರೆ ಆ ಹೆಸರಿನಲ್ಲಿ ಅವರು ಹೇಳಿದ್ದನ್ನೇ ಮಾಡಿದರು.

ನನ್ನನ್ನು ಅಲ್ಲಿಗೆ ಕಳಿಸಿದ್ದು ಬೆಂಗಳೂರಿನಲ್ಲಿದ್ದ ದೊಡ್ಡಪ್ಪನ ಮಗ. ನನಗಿದ್ದ ತೊಂದರೆ ಇಷ್ಟೇ: ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಕಾಣುತ್ತಿರಲಿಲ್ಲ. ಕೇದಗೆ, ಮಲ್ಲಿಗೆ ಎಂಬ ಎರಡು ಮುಕ್ತ ಫಾಂಟುಗಳು ಡೆಬಿಯನ್‌ನಲ್ಲಿದ್ದವು; ಅವನ್ನು ಹಾಕಿಕೊಂಡಿದ್ದೆ. ಪತ್ರ ಬರೆಯುವ ತಂತ್ರಾಂಶದಲ್ಲಿ ಅಕ್ಷರ ಚೆನ್ನಾಗಿಯೇ ಮೂಡುತ್ತಿತ್ತು. ಬ್ರೌಸರ್‌ನಲ್ಲಿ ಮಾತ್ರ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ನಿಲ್ಲುತ್ತಿತ್ತು. ಅರ್ಕಾವತ್ತಂತೂ ಎಲ್ಲೆಲ್ಲೋ. ಒಂದು ಪುಟ ಓದಿ ಮುಗಿಸುವಷ್ಟರಲ್ಲಿ ಕಣ್ಣು ಸೋಲುತ್ತಿತ್ತು. ಅಣ್ಣನಿಗೆ ಫೋನ್ ಮಾಡಿದೆ. ಅವನು ಡೆಬಿಯನ್ ಬಳಸುವವನೇ, ಆದರೆ ಕನ್ನಡದ ಈ ತೊಡಕು ಅವನಿಗೂ ತಿಳಿಯದು. "ಡೆಬಿಯನ್ನಿನವು ಈಗ ಓಎಫ್‌ಟಿಸಿಗೆ ಹೋಯ್ದ, ಅಲ್ಲಿ ಹೋಗಿ ಕೇಳು" ಅಂದ. ದೊಡ್ಡ ಜಾಲದಲ್ಲೂ ಡೆಬಿಯನ್ ಕೋಣೆ ಇದ್ದೇ ಇದೆ, ಜನ ಇನ್ನೂ ಅಲ್ಲೇ ಜಾಸ್ತಿ ಎಂಬುದನ್ನೂ ಹೇಳಿದ. "ಆದ್ರೆ ನೀ ಚಿಕ್ಕದಕ್ಕೇ ಹೋಗು." ಮತ್ತೆ ಒಂದು ಮಾತು ಸೇರಿಸಿದ: "ಕೇಳ್ಲಕ್ಕಾ ಹೇಳಿ ಕೇಳಡ ತಮಾ, ಸೀದಾ ಕೇಳು. ಕೇಳಿ ಕಾಯಿ."

ಐಆರ್‌ಸಿಯ ಬಗ್ಗೆ ಆಮೇಲೆ ಎಷ್ಟೋ ಕೈಪಿಡಿಗಳನ್ನು ಓದಿದೆ. ಅಣ್ಣ ಫೋನಿನಲ್ಲಿ ಹೇಳಿದ ಈ ಮಾತಿಗಿಂತ ಹೆಚ್ಚಿನದು ಯಾವುದರಲ್ಲೂ ಇರಲಿಲ್ಲ.

ಕಾಯಲು ನನಗೊಂದು ಅನುಕೂಲವಿತ್ತು. ಬಿಎಸ್‌ಎನ್‌ಎಲ್‌ನ ಡೇಟಾಒನ್ ಬ್ರಾಡ್‌ಬ್ಯಾಂಡಿನಲ್ಲಿ ತಿಂಗಳಿಗೆ 500 ರೂಪಾಯಿಯ ಯೋಜನೆ ತೆಗೆದುಕೊಂಡವರಿಗೆ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಬಳಸಿದರೂ ಲೆಕ್ಕಕ್ಕಿರಲಿಲ್ಲ. ನನ್ನ ವಯಸ್ಸಿನ ಸಾವಿರಾರು ಹುಡುಗರು ಆ ದಿನಗಳಲ್ಲಿ ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಸಿನಿಮಾ ಇಳಿಸಿಕೊಳ್ಳುತ್ತಿದ್ದರು. ನನಗೆ ಆ ಹೊತ್ತು ಬೇರೆ ರೀತಿಯಲ್ಲಿ ಕೂಡಿಬಂತು. ನಮ್ಮಲ್ಲಿ ಎರಡು ಗಂಟೆ ಎಂದರೆ ಆ ಬೇಸಿಗೆಯಲ್ಲಿ ಜರ್ಮನಿಯಲ್ಲಿ ರಾತ್ರಿ ಹತ್ತೂವರೆ, ನ್ಯೂಯಾರ್ಕಿನಲ್ಲಿ ಸಂಜೆ ನಾಲ್ಕೂವರೆ. ಯುರೋಪಿನವರು ಊಟ ಮುಗಿಸಿ ಕಂಪ್ಯೂಟರಿನ ಮುಂದೆ ಕೂತಿರುತ್ತಾರೆ, ಅಮೆರಿಕದವರು ಕಚೇರಿ ಮುಗಿಸುವ ಹೊತ್ತು. ಡೆಬಿಯನ್ ಕಟ್ಟುವವರಲ್ಲಿ ಬಹಳ ಮಂದಿ ಆ ಎರಡು ಕಡೆಯವರೇ. ಹೊರಗೆ ಹಂಚಿನ ಮೇಲೆ ಮಳೆ ಒಂದೇ ಸಮನೆ ಹೊಡೆಯುತ್ತಿರುವಾಗ ನಾನು ಅವರ ಸಂಜೆಯೊಳಗೆ ಹೋಗಿ ಕೂರುತ್ತಿದ್ದೆ.

ಎಕ್ಸ್‌ಚಾಟ್ ಎಂಬ ತಂತ್ರಾಂಶ ಹಾಕಿಕೊಂಡೆ. ವಿಳಾಸ ಕೊಟ್ಟು ಸೇರಿದ ಕೂಡಲೇ ಸರ್ವರ್ ತನ್ನ ಹೆಸರು ಹೇಳಿ, ಇಲ್ಲಿನ ರೀತಿ ರಿವಾಜುಗಳ ಉದ್ದದ ಸ್ವಾಗತ ಪತ್ರ ತೋರಿಸಿತು. ಅದನ್ನು ಪೂರ್ತಿ ಓದಿದೆ. ಓದುವವರು ಕಡಿಮೆ ಎಂದು ಆಮೇಲೆ ತಿಳಿಯಿತು. ಓದಬೇಕು ಎಂದೇ ಈಗಲೂ ಹೊಸಬರಿಗೆ ಹೇಳುತ್ತೇನೆ. ಆ ಯಂತ್ರವನ್ನು ಯಾರು ದಾನವಾಗಿ ಕೊಟ್ಟಿದ್ದಾರೆ, ಏನು ಮಾಡಿದರೆ ಹೊರಗೆ ಹಾಕುತ್ತಾರೆ, ತೊಂದರೆಯಾದರೆ ಯಾರನ್ನು ಕೇಳಬೇಕು ಎಂಬುದೆಲ್ಲ ಇರುವುದು ಅದರಲ್ಲೇ. ಅಡ್ಡಹೆಸರಿಗೆ ಅಘನಾಶಿನಿ ಎಂದು ಇಟ್ಟುಕೊಂಡೆ. ನಮ್ಮೂರ ಹತ್ತಿರ ಹುಟ್ಟುವ ನದಿ. ಐಆರ್‌ಸಿಯ ಹಳೆಯ ನಿಯಮದ ಪ್ರಕಾರ ಹೆಸರು ಒಂಬತ್ತು ಅಕ್ಷರ ಮೀರಬಾರದು, ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ನದಿಯ ಹೆಸರು ಅದರೊಳಗೆ ಹಿಡಿಸುವುದಿಲ್ಲ. ಓಎಫ್‌ಟಿಸಿಯಲ್ಲಿ ಇನ್ನೂ ಉದ್ದದ ಹೆಸರಿಗೆ ಜಾಗವಿತ್ತು. ನಿಕ್‌ಸರ್ವ್ ಎಂಬ ಸೇವೆಗೆ ಗುಪ್ತಪದ, ಮಿಂಚಂಚೆ ವಿಳಾಸ ಕೊಟ್ಟು ಹೆಸರನ್ನು ನೋಂದಾಯಿಸಿದೆ. ಹಾಗೆ ಮಾಡಿದರೆ ನಾವಿಲ್ಲದಾಗ ಆ ಹೆಸರನ್ನು ಬೇರೆಯವರು ತಮ್ಮದು ಎನ್ನಲು ಬರುವುದಿಲ್ಲ. ಎಲ್ಲ ಜಾಲಗಳಲ್ಲೂ ಈ ಭದ್ರತೆ ಇಲ್ಲ. ಇಎಫ್‌ನೆಟ್‌ನಲ್ಲಿ ಮೊದಲು ಬಂದು ಹಿಡಿದುಕೊಂಡವರದ್ದೇ ಹೆಸರು.

ಡೆಬಿಯನ್ ಕೋಣೆಯೊಳಗೆ ಹೋದೆ. ಮಾತು ಓಡುತ್ತಿತ್ತು. ಯಾರದೋ ಮುದ್ರಣಯಂತ್ರ, ಇನ್ಯಾರದೋ ವೈರ್‌ಲೆಸ್ ಕಾರ್ಡು. ನಡುವೆ ಡಿಪಿಕೆಜಿ ಎಂಬ ಬಾಟ್ ಕೇಳಿದ್ದಕ್ಕೆಲ್ಲ ಸಿದ್ಧ ಉತ್ತರ ಕೊಡುತ್ತಿತ್ತು. ಮೊದಲ ರಾತ್ರಿ ಸುಮ್ಮನೆ ನೋಡಿದೆ. ಯಾವ ಪ್ರಶ್ನೆಗೆ ಉತ್ತರ ಬರುತ್ತದೆ, ಯಾವುದು ಹಾಗೇ ಮೇಲೆ ಸರಿದು ಹೋಗುತ್ತದೆ ಎಂಬುದು ಅಷ್ಟರಲ್ಲೇ ತಿಳಿಯಿತು. "ಯಾರಾದರೂ ಇದ್ದೀರಾ?" ಎಂದವರಿಗೆ ಉತ್ತರವಿಲ್ಲ. "ನನ್ನ ಕಂಪ್ಯೂಟರ್ ಕೆಲಸ ಮಾಡುತ್ತಿಲ್ಲ" ಎಂದವರಿಗೂ ಇಲ್ಲ. ಏನು ಮಾಡಲು ಹೊರಟೆ, ಏನಾಗಬೇಕಿತ್ತು, ಏನಾಯಿತು, ಯಾವ ಆವೃತ್ತಿ: ಈ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳಿದವರಿಗೆ ಯಾರಾದರೊಬ್ಬರು ತಿರುಗಿ ನೋಡುತ್ತಿದ್ದರು. ಉದ್ದದ ದೋಷಸಂದೇಶಗಳನ್ನು ಕೋಣೆಯಲ್ಲಿ ಸುರಿಯುವಂತಿಲ್ಲ. ಅವನ್ನು ಬೇರೆ ಪುಟದಲ್ಲಿ ಅಂಟಿಸಿ ಕೊಂಡಿ ಕೊಡಬೇಕು. ಸಾಲುಗಳು ತೀರಾ ವೇಗವಾಗಿ ಬಂದರೆ ಸರ್ವರ್ ತಾನೇ ಹೊರಗೆ ತಳ್ಳುತ್ತದೆ.

ಮರುದಿನ ರಾತ್ರಿ ನನ್ನ ಪ್ರಶ್ನೆ ಬರೆದಿಟ್ಟುಕೊಂಡು ಹೋಗಿ ಹಾಕಿದೆ. ಮೊದಲು ಯಾರೂ ಮಾತಾಡಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಯಾರೋ ಒಬ್ಬರು ನನ್ನ ಅಡ್ಡಹೆಸರು ಹಿಡಿದು ಕರೆದು, ಪರದೆಯ ಚಿತ್ರ ಕಳಿಸಿ ಅಂದರು. ಕಳಿಸಿದೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಇದರಲ್ಲಿ ತಪ್ಪು ಎಲ್ಲಿದೆ ಎಂದು ಕೇಳಿದರು. ತಪ್ಪಾಗಿ ಕಾಣುವ ಅಕ್ಷರಕ್ಕೆ ಸುತ್ತು ಹಾಕಿ, ಅದು ನಿಜವಾಗಿ ಹೇಗಿರಬೇಕು ಎಂದು ಕಾಗದದ ಮೇಲೆ ಬರೆದು, ಅದರ ಚಿತ್ರವನ್ನೂ ಸೇರಿಸಿ ಕೊಟ್ಟೆ. ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಬೇಕು. ಸ್ವಲ್ಪ ಹೊತ್ತಿನ ಮೇಲೆ ಬಂದ ಉತ್ತರ ಸ್ಪಷ್ಟವಾಗಿತ್ತು: ಒತ್ತು, ಕಾಗುಣಿತಗಳನ್ನು ಜೋಡಿಸುವ ಕೆಲಸ ಪ್ಯಾಂಗೋ ಎಂಬ ತಂತ್ರಾಂಶದ್ದು, ನಿಮ್ಮ ಬ್ರೌಸರ್ ಅದನ್ನು ಬಳಸದೆ ನೇರವಾಗಿ ಅಕ್ಷರ ಬಿಡಿಸುತ್ತಿದೆ, ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಬದಲಿಸಿ ಮತ್ತೆ ತೆರೆಯಿರಿ. ಬದಲಿಸಿ ತೆರೆದೆ. ಒತ್ತುಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಇಳಿದಿದ್ದವು.

ಆದ ಸಂತೋಷವನ್ನು ಈಗ ವಿವರಿಸಿದರೆ ಇಂದಿನ ಓದುಗರಿಗೆ ಅತಿ ಎನಿಸಬಹುದು. ಫೋನಿನಲ್ಲಿ ಕನ್ನಡ ತಾನಾಗಿ ಮೂಡುವುದನ್ನೇ ಕಂಡು ಬೆಳೆದವರಿಗೆ, ನಮ್ಮ ಲಿಪಿ ಒಂದು ಕಾಲದಲ್ಲಿ ಹೀಗೆ ಮುರಿದು ಬಿದ್ದಿರುತ್ತಿತ್ತು ಎಂಬುದೇ ಗೊತ್ತಿಲ್ಲ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಇನ್ನೊಂದು ವಿಷಯ. ಕನ್ನಡದ ಒಂದಕ್ಷರವೂ ತಿಳಿಯದ ಮನುಷ್ಯನೊಬ್ಬ, ಕೂಲಿಯಿಲ್ಲದೆ, ತನ್ನ ನಿದ್ದೆಯ ಹೊತ್ತಿನಲ್ಲಿ, ನಮ್ಮ ಅರ್ಕಾವತ್ತು ಎಲ್ಲಿ ಕೂರಬೇಕೆಂದು ತಲೆ ಕೆಡಿಸಿಕೊಂಡ. ಅವರ ನಿಜ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಅವರು ಹೇಳಿದ್ದು, "ಇದನ್ನು ದೋಷವರದಿಯಾಗಿ ಸಲ್ಲಿಸಿ. ನಿಮ್ಮ ಹಾಗೆ ಇನ್ನೊಬ್ಬರು ಬರುತ್ತಾರೆ." ಡೆಬಿಯನ್‌ನಲ್ಲಿ ವರದಿ ಕಳಿಸುವುದಕ್ಕೆಂದೇ ಒಂದು ಸಾಧನವಿದೆ. ಅದನ್ನು ಬಳಸುವುದು ಹೇಗೆಂದೂ ಅಲ್ಲೇ ಕಲಿಸಿದರು. ಸಹಾಯ ಕೇಳಲು ಹೋದವನು ಕೆಲಸವೊಂದನ್ನು ಹೊತ್ತು ಬಂದೆ.

ದೊಡ್ಡ ಜಾಲದಲ್ಲಿ ಇದು ಆಗುತ್ತಿರಲಿಲ್ಲವೇ? ಆಗಲೂಬಹುದು. ಆದರೆ ಕೇಳುವವರು ನೂರಾರು ಇದ್ದ ಕಡೆ ನನ್ನ ಸಾಲು ಕ್ಷಣದಲ್ಲಿ ಮೇಲೆ ಹೋಗಿಬಿಡುತ್ತಿತ್ತು. ಆಗಿನ ಅತಿ ದೊಡ್ಡ ಐಆರ್‌ಸಿ ಜಾಲ ಕ್ವೇಕ್‌ನೆಟ್‌ನಲ್ಲಿ 2005ರ ಆರಂಭದಲ್ಲಿ ಒಮ್ಮೆಗೇ ಎರಡು ಲಕ್ಷಕ್ಕೂ ಹೆಚ್ಚು ಜನ ಇರುತ್ತಿದ್ದರು. ಓಎಫ್‌ಟಿಸಿಯಲ್ಲಿ ಕೆಲವೇ ಸಾವಿರ. ಎರಡು ಗಂಟೆಯ ಮೇಲೆ ಕೇಳಿದ ಪ್ರಶ್ನೆ ನಾಲ್ಕರವರೆಗೂ ಪರದೆಯ ಮೇಲೇ ಉಳಿದಿತ್ತಲ್ಲ, ಅದಕ್ಕೆ ಕಾರಣ ಜನ ಕಡಿಮೆ ಇದ್ದದ್ದು. ಮೂರನೆಯ ಸಲ ಹೋದಾಗ, "ಕನ್ನಡ ಸರಿಯಾಯಿತೇ?" ಎಂದು ಪ್ರಶ್ನೆಗೆ ಸಂಬಂಧವೇ ಇರದಿದ್ದ ಬೇರೊಬ್ಬರು ಕೇಳಿದರು. ಅವರು ಹಿಂದಿನ ಮಾತನ್ನೆಲ್ಲ ಓದಿದ್ದರು.

ಐಆರ್‌ಸಿ ಹಳೆಯ ಮಾತನ್ನು ಇಟ್ಟುಕೊಳ್ಳುವುದಿಲ್ಲ. ಆಡಿದ್ದು ಆಡಿದ ಹೊತ್ತಿಗೆ ಅಲ್ಲಿದ್ದವರಿಗೆ ಮಾತ್ರ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟ್ ಹೋಗುವುದು ಸಾಮಾನ್ಯ. ಹೋದರೆ ಅಷ್ಟು ಹೊತ್ತಿನ ಉತ್ತರಗಳೂ ಹೋದಂತೆ. ಇದಕ್ಕೂ ಅಣ್ಣನೇ ದಾರಿ ಮಾಡಿದ. ಬೆಂಗಳೂರಿನಲ್ಲಿ ಸದಾ ಓಡುತ್ತಿದ್ದ ತನ್ನ ಯಂತ್ರದಲ್ಲಿ ನನಗೊಂದು ಖಾತೆ ಕೊಟ್ಟ. ಅದರಲ್ಲಿ ಸ್ಕ್ರೀನ್ ಎಂಬ ಸಾಧನದೊಳಗೆ ಇರ್ಸಿ ಎಂಬ ಇನ್ನೊಂದು ಚಾಟ್ ತಂತ್ರಾಂಶವನ್ನು ಹಚ್ಚಿಟ್ಟರೆ, ನಾನು ಇಲ್ಲಿ ಎದ್ದು ಹೋದರೂ ಅಘನಾಶಿನಿ ಅಲ್ಲಿ ಕೂತೇ ಇರುತ್ತಿತ್ತು. ಬೆಳಿಗ್ಗೆ ಹೋಗಿ ರಾತ್ರಿಯದನ್ನು ಓದಿಕೊಳ್ಳಬಹುದು. ಐಆರ್‌ಸಿಯಲ್ಲಿ ವರ್ಷಗಟ್ಟಲೆ ಇರುವವರೆಲ್ಲ ಹೀಗೇ ಏನಾದರೊಂದು ವ್ಯವಸ್ಥೆ ಮಾಡಿಕೊಂಡಿರುತ್ತಾರೆ. ಮಧ್ಯಾಹ್ನ ಕೇಳಿದ್ದಕ್ಕೆ ಮಧ್ಯರಾತ್ರಿ ಉತ್ತರ ಬಂದರೆ ಅವರಿಗೆ ಆಶ್ಚರ್ಯವಿಲ್ಲ.

ಇರ್ಸಿಗೆ ಹೋದಾಗ ಕನ್ನಡದ ಕಷ್ಟ ಮತ್ತೆ ಎದುರಾಯಿತು. ಅದು ಟರ್ಮಿನಲ್‌ನಲ್ಲಿ ಓಡುವ ತಂತ್ರಾಂಶ. ಟರ್ಮಿನಲ್ ಪರದೆಯನ್ನು ಒಂದೇ ಅಳತೆಯ ಚೌಕಗಳಾಗಿ ಭಾಗ ಮಾಡಿ ಚೌಕಕ್ಕೊಂದು ಅಕ್ಷರ ಕೂರಿಸುತ್ತದೆ. ಇಂಗ್ಲಿಷಿಗೆ ಅದು ಸರಿಹೋಗುತ್ತದೆ. ಅಗಲ, ಎತ್ತರ ಎರಡರಲ್ಲೂ ಹಿಗ್ಗುವ ನಮ್ಮ ಅಕ್ಷರಗಳಿಗೆ ಸಾಲದು. ಇನ್ನೊಂದು ಮಿತಿ ಐಆರ್‌ಸಿಯ ಒಳಗೇ ಇದೆ. 1993ರ ನಿಯಮಪತ್ರದ ಪ್ರಕಾರ ಒಂದು ಸಂದೇಶ 512 ಬೈಟ್ ಮೀರುವಂತಿಲ್ಲ, ಅದರಲ್ಲೇ ಆಜ್ಞೆ, ಕೋಣೆಯ ಹೆಸರು ಎಲ್ಲವೂ ಸೇರಬೇಕು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. 'ಸ್ತ್ರೀ' ಎಂದು ಬರೆದರೆ ಕಣ್ಣಿಗೆ ಒಂದೇ ಅಕ್ಷರ, ಒಳಗೆ ಆರು ಚಿಹ್ನೆ, 18 ಬೈಟ್. ಹಾಗಾಗಿ ಇಂಗ್ಲಿಷಿನವರು ನಾಲ್ಕು ಸಾಲು ಬರೆಯುವ ಕಡೆ ನಮಗೆ ಸಿಗುವುದು ಒಂದೂಕಾಲು. ಮೀರಿದ್ದನ್ನು ಸರ್ವರ್ ಕತ್ತರಿಸುತ್ತದೆ, ಕೆಲವೊಮ್ಮೆ ಒಂದು ಅಕ್ಷರದ ನಡುವೆಯೇ.

ಆದರೂ ಕನ್ನಡದಲ್ಲೇ ಬರೆದೆವು. ಮುಂದಿನ ವರ್ಷ, ತಂತ್ರಾಂಶಗಳ ಕನ್ನಡ ಅನುವಾದದಲ್ಲಿ ತೊಡಗಿದ್ದ ಕೆಲವರು ಸೇರಿ ಓಎಫ್‌ಟಿಸಿಯಲ್ಲಿ ಒಂದು ಕೋಣೆ ತೆರೆದೆವು. ಕೋಣೆ ತೆರೆಯುವುದಕ್ಕೆ ಯಾರ ಅಪ್ಪಣೆಯೂ ಬೇಡ. ಇಲ್ಲದ ಹೆಸರಿನ ಕೋಣೆಗೆ ಹೋದವರೇ ಅದರ ಮೊದಲ ಯಜಮಾನರು. ದಾವಣಗೆರೆಯ ಕಾಲೇಜು ಮೇಷ್ಟ್ರೊಬ್ಬರು, ಸಿಂಗಪುರದಲ್ಲಿದ್ದ ಮಂಡ್ಯದವರೊಬ್ಬರು, ಮೈಸೂರಿನ ವಿದ್ಯಾರ್ಥಿನಿಯೊಬ್ಬಳು, ನಾನು, ಆಗಾಗ ಬಂದು ಹೋಗುವ ಇನ್ನು ಕೆಲವರು. ಮೇಷ್ಟ್ರು ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ನಾವು ಅವರನ್ನು ಸರ್ ಎನ್ನುತ್ತಿದ್ದೆವು, ಆ ಹುಡುಗಿ ಮಾತ್ರ ಎಲ್ಲರನ್ನೂ ಅಣ್ಣ ಮಾಡಿಬಿಟ್ಟಳು. ಸಾಲು ಚಿಕ್ಕದಿರಬೇಕು ಎಂಬ ಕಟ್ಟುಪಾಡಿನಿಂದ ನಮ್ಮ ಬರವಣಿಗೆಯೇ ಬಿಗಿಯಾಯಿತು. ಒಂದು ಸಾಲಿಗೆ ಒಂದು ಮಾತು. ಇವತ್ತು ನಾನು ಬರೆಯುವ ಗದ್ಯದಲ್ಲಿ ಏನಾದರೂ ಅಚ್ಚುಕಟ್ಟು ಇದ್ದರೆ ಅದರಲ್ಲಿ ಆ ಕೋಣೆಯ ಪಾಲಿದೆ.

ಓಎಫ್‌ಟಿಸಿಯನ್ನು ನಡೆಸುವವರು ಯಾರು, ಅದಕ್ಕೆ ದುಡ್ಡು ಎಲ್ಲಿಂದ ಎಂದು ನಮ್ಮ ಅಪ್ಪ ಕೇಳಿದ್ದುಂಟು. ಶಿರಸಿಯ ಅಡಿಕೆ ಬೆಳೆಗಾರರ ತೋಟಗಾರ್ಸ್ ಸೇಲ್ ಸೊಸೈಟಿ ಇದ್ದ ಹಾಗೆ ಎಂದೆ. 1923ರಿಂದ ಇರುವ ಸಹಕಾರಿ ಸಂಘ ಅದು. ಅಪ್ಪನಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಅಪ್ಪನಿಗೆ ಕೊಟ್ಟ ಉತ್ತರ ನೂರಕ್ಕೆ ನೂರು ಹೊಂದುವುದಿಲ್ಲ, ಓಎಫ್‌ಟಿಸಿಯಲ್ಲಿ ಲಾಭ ಹಂಚುವುದಿಲ್ಲ. ಸರ್ವರ್‌ಗಳು, ಅವುಗಳ ಸಂಪರ್ಕ ದಾನವಾಗಿ ಬಂದವು. ನೋಡಿಕೊಳ್ಳುವವರಿಗೆ ಸಂಬಳವಿಲ್ಲ. ಸಾಫ್ಟ್‌ವೇರ್ ಇನ್ ದಿ ಪಬ್ಲಿಕ್ ಇಂಟರೆಸ್ಟ್ ಎಂಬ ಅಮೆರಿಕದ ಲಾಭರಹಿತ ಸಂಸ್ಥೆಯ ಆಸರೆಯಿದೆ. ಡೆಬಿಯನ್‌ಗೂ ಅದೇ ಸಂಸ್ಥೆಯ ಆಸರೆ. ಜಾಹೀರಾತಿಲ್ಲ. ನಮ್ಮ ಮಾತನ್ನು ಮಾರಿಕೊಳ್ಳಲು ಅಲ್ಲಿ ಯಾರಿಗೂ ಕಾರಣವೇ ಇಲ್ಲ.

ಆ ಸೈಬರ್ ಕೆಫೆಯ ದಿನಗಳ ದೊಡ್ಡ ಹೆಸರುಗಳು ಒಂದೊಂದಾಗಿ ಹೋದವು. ಯಾಹೂವಿನ ಸಾರ್ವಜನಿಕ ಚಾಟ್ ಕೋಣೆಗಳು 2012ರ ಡಿಸೆಂಬರ್‌ನಲ್ಲಿ ಮುಚ್ಚಿದವು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ, ಯಾಹೂ ಮೆಸೆಂಜರ್ 2018ರ ಜುಲೈ 17ಕ್ಕೆ. ಕೋಟಿಗಟ್ಟಲೆ ಜನರಿದ್ದ ಜಾಗಗಳು ಒಡೆಯರ ಒಂದು ತೀರ್ಮಾನದಿಂದ ಇಲ್ಲವಾದವು. ಐಆರ್‌ಸಿಯೊಳಗೂ 2021ರಲ್ಲಿ ದೊಡ್ಡ ನಡುಕ ಬಂತು. ಫ್ರೀನೋಡಿನ ಒಡೆತನದ ವಿವಾದದಲ್ಲಿ, ಅದನ್ನು ವರ್ಷಗಟ್ಟಲೆ ನಡೆಸಿದ್ದ ಸ್ವಯಂಸೇವಕರು ರಾಜೀನಾಮೆ ಕೊಟ್ಟು ಮೇ 19ರಂದು ಲಿಬೆರಾ ಚಾಟ್ ಎಂಬ ಹೊಸ ಜಾಲ ಪ್ರಕಟಿಸಿದರು. ಕೆಲವೇ ವಾರಗಳಲ್ಲಿ ಮುಕ್ತ ತಂತ್ರಾಂಶದ ಬಹುಪಾಲು ಜನ ಗಂಟುಮೂಟೆ ಕಟ್ಟಿದರು. ಹೆಚ್ಚಿನವರು ಲಿಬೆರಾಕ್ಕೆ ಹೋದರೆ ಓಪನ್‌ಸ್ಟ್ಯಾಕ್, ಕ್ಯೂಎಮು ಮುಂತಾದ ಯೋಜನೆಗಳವರು ಓಎಫ್‌ಟಿಸಿಗೆ ಬಂದರು. ಟಾರ್ ಯೋಜನೆ, ಓಪನ್‌ಸ್ಟ್ರೀಟ್‌ಮ್ಯಾಪ್‌ನ ಕೋಣೆಗಳು ಮೊದಲೇ ಅಲ್ಲಿದ್ದವು. ಆ ವಾರಗಳಲ್ಲಿ ಓಎಫ್‌ಟಿಸಿಯ ಕೋಣೆಗಳಲ್ಲಿ ಹೊಸಬರು ದಿನವೂ ಬಂದು ದಾರಿ ಕೇಳುತ್ತಿದ್ದರು. ಹೆಸರು ನೋಂದಾಯಿಸುವುದು ಹೇಗೆ ಎಂದು ಹೇಳಿಕೊಡುವ ಕೆಲಸ ನಾನೂ ಮಾಡಿದೆ.

ನಮ್ಮ ಕನ್ನಡದ ಕೋಣೆಯ ಜನ ಈಗ ಟೆಲಿಗ್ರಾಮ್, ವಾಟ್ಸ್ಆಪ್‌ಗಳಿಗೆ ಹಂಚಿಹೋಗಿದ್ದಾರೆ. ಅಲ್ಲಿ ಫೋಟೋ ಬರುತ್ತದೆ, ಧ್ವನಿ ಬರುತ್ತದೆ, ಶುಭೋದಯದ ಹೂವೂ ಬರುತ್ತದೆ. ಕೇಳಿದ ಪ್ರಶ್ನೆ ಎರಡು ಗಂಟೆ ಕಣ್ಣೆದುರು ನಿಲ್ಲುವುದಿಲ್ಲ. ಕೆಲಸದ ಮಾತಿಗೆ ಐಆರ್‌ಸಿಯೇ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಹಳೆಯದರ ಮೋಹದಿಂದ ಹೇಳುತ್ತಿಲ್ಲ, ಇವತ್ತೂ ಬಳಸಿ ಹೇಳುತ್ತಿದ್ದೇನೆ.

ಮುಕ್ತ ತಂತ್ರಾಂಶ, ನಕ್ಷೆ, ಕನ್ನಡದ ಫಾಂಟು, ಇಂಥ ಯಾವುದರಲ್ಲಾದರೂ ಆಸಕ್ತಿಯಿರುವ ವಿದ್ಯಾರ್ಥಿಗಳು ಒಮ್ಮೆ ಹೋಗಿ ನೋಡಿ. ಏನನ್ನೂ ಹಾಕಿಕೊಳ್ಳದೆ ಬ್ರೌಸರ್‌ನಿಂದಲೇ ಓಎಫ್‌ಟಿಸಿಯ ವೆಬ್‌ಚಾಟ್‌ಗೆ ಹೋಗಬಹುದು. ತಂತ್ರಾಂಶ ಬಳಸುವುದಾದರೆ 6697 ಎಂಬ ಪೋರ್ಟ್ ಕೊಡಿ, ಮಾತು ಗೂಢಲಿಪಿಯಲ್ಲಿ ಹೋಗುತ್ತದೆ. ಮೊದಲ ದಿನ ಓದಿ. ಎರಡನೆಯ ದಿನ ಹೆಸರು ನೋಂದಾಯಿಸಿ, ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಪೂರ್ತಿಯಾಗಿ ಕೇಳಿ, ಕಾಯಿರಿ. ಕಾಯುತ್ತಿರುವಾಗ ನಿಮಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನು ಬೇರೆ ಯಾರಾದರೂ ಕೇಳಿದರೆ, ದಯವಿಟ್ಟು ಅವರಿಗೆ ಉತ್ತರ ಬರೆಯಿರಿ.